ನೋಟಕ್ಕೆ ಅಡ್ಡವಾದ ಊರು



ಉದ್ಯಾನವೆಂದರೆ ಕತ್ತರಿಸಿದ ಬೇಲಿ, ಅಳತೆಯ ಪಾತಿ, ನೇರವಾದ ದಾರಿ. ಹದಿನೇಳನೆಯ ಶತಮಾನದ ಕೊನೆಯಲ್ಲಿ ಇಂಗ್ಲೆಂಡಿನ ಸಿರಿವಂತರ ತೋಟಗಳೂ ಹೀಗೇ ಇದ್ದವು. ಲಂಡನ್ ಬಳಿಯ ಹ್ಯಾಂಪ್ಟನ್ ಕೋರ್ಟ್ ಅರಮನೆಯ ತೋಟ ಇದಕ್ಕೆ ಒಳ್ಳೆಯ ಉದಾಹರಣೆ. ಫ್ರಾನ್ಸ್ ಮತ್ತು ಹಾಲೆಂಡಿನ ತೋಟಗಳೇ ಅದಕ್ಕೆ ಮಾದರಿ.

ಮುಂದಿನ ಶತಮಾನದಲ್ಲಿ ಅಭಿರುಚಿ ಬದಲಾಯಿತು. ಗೆರೆ, ಕೋನಗಳು ಮಾಯವಾಗಿ ಹುಲ್ಲಿನ ಇಳಿಜಾರು, ಬಾಗಿ ಸಾಗುವ ನೀರು, ಅಲ್ಲಲ್ಲಿ ಮರಗಳ ಗುಂಪು ಬಂದವು. ಸ್ಟೋವ್ ಎಂಬಲ್ಲಿ ಚಾರ್ಲ್ಸ್ ಬ್ರಿಜ್‌ಮನ್ ಮತ್ತು ವಿಲಿಯಂ ಕೆಂಟ್ ಇದಕ್ಕೆ ನಾಂದಿ ಹಾಡಿದರು. 1741ರಲ್ಲಿ ಅಲ್ಲಿ ಮುಖ್ಯ ತೋಟಗಾರನಾದ ಲ್ಯಾನ್ಸ್‌ಲಾಟ್ ಬ್ರೌನ್ (1716–1783) ಈ ಶೈಲಿಯನ್ನು ದೇಶದ ಉದ್ದಗಲಕ್ಕೂ ಹರಡಿದ.

ನೋಡಿದರೆ ಎಲ್ಲವೂ ಪ್ರಕೃತಿಯೇ ಕೊಟ್ಟಂತಿರುತ್ತದೆ. ವಾಸ್ತವದಲ್ಲಿ ಎಲ್ಲವೂ ಕೂಲಿಕಾರರು ಅಗೆದು, ಹೊತ್ತು ಮಾಡಿದ್ದು. ಬ್ಲೆನಿಮ್ ಅರಮನೆಯ ಮುಂದಿನ ಸರೋವರ ಗ್ಲೈಮ್ ಎಂಬ ಸಣ್ಣ ನದಿಗೆ ಬ್ರೌನ್ ಕಟ್ಟಿಸಿದ ಒಡ್ಡಿನ ಫಲ. 'ಹಾ-ಹಾ' ಎಂಬುದು ಹಳ್ಳದೊಳಗೆ ಅಡಗಿಸಿದ ಗೋಡೆ. ಮನೆಯಿಂದ ನೋಡುವವರಿಗೆ ಹುಲ್ಲುಗಾವಲು ಎಲ್ಲೂ ತುಂಡಾಗದೆ ಹಬ್ಬಿದಂತೆ ಕಾಣುತ್ತದೆ. ದನಕುರಿಗಳು ಮಾತ್ರ ಒಳಗೆ ಬರಲಾರವು.

ಈ ನೋಟದಲ್ಲಿ ದನಕುರಿಗಳಿಗೆ ಜಾಗವಿತ್ತು, ಬಡವರ ಮನೆಗಳಿಗೆ ಇರಲಿಲ್ಲ. ಡಾರ್ಸೆಟ್ ಪ್ರಾಂತದಲ್ಲಿ ಲಾರ್ಡ್ ಮಿಲ್ಟನ್ ತನ್ನ ಭವನದ ಪಕ್ಕದಲ್ಲಿದ್ದ ಹಳೆಯ ಪೇಟೆಯನ್ನೇ ಕೆಡವಿಸಿದ. ಕೆಲವರಿಗೆ ಕಣ್ಣಿಗೆ ಬೀಳದ ಕಣಿವೆಯಲ್ಲಿ ಒಂದೇ ಬಗೆಯ ಹುಲ್ಲುಮಾಡಿನ ಮನೆಗಳನ್ನು ಕಟ್ಟಿಸಲಾಯಿತು. 1780ರ ವೇಳೆಗೆ ಸಿದ್ಧವಾದ ಆ ಹಳ್ಳಿಯೇ ಮಿಲ್ಟನ್ ಅಬ್ಬಾಸ್. ಅದರ ಯೋಜನೆಯಲ್ಲಿ ಬ್ರೌನ್‌ನ ಕೈಯೂ ಇತ್ತು. ಧನಿಕನ ಉದ್ಯಾನಕ್ಕಾಗಿ ಊರು ಬರಿದಾಗುವ ಇಂಥ ಸಂಕಟವನ್ನು ಆಲಿವರ್ ಗೋಲ್ಡ್‌ಸ್ಮಿತ್ 1770ರ 'ದಿ ಡೆಸರ್ಟೆಡ್ ವಿಲೇಜ್' ಕವನದಲ್ಲಿ ಹಾಡಿದ್ದ.

ಬ್ರೌನ್ ನಂತರ ಬಂದ ಹಂಫ್ರಿ ರೆಪ್ಟನ್ (1752–1818) ಹೂವಿನ ಪಾತಿಗಳನ್ನು ಮತ್ತೆ ಮನೆಯ ಬಳಿಗೆ ತಂದ. ವಿಕ್ಟೋರಿಯಾ ರಾಣಿಯ ಕಾಲದಲ್ಲಿ ಗಾಜಿನ ಮನೆಗಳಲ್ಲಿ ಬೆಳೆಸಿದ ಸಸಿಗಳನ್ನು ರಂಗೋಲಿಯಂತೆ ನೆಡುವುದು ರೂಢಿಯಾಯಿತು. ಇದಕ್ಕೆ ಬೇಸತ್ತವರು ವಿಲಿಯಂ ರಾಬಿನ್ಸನ್ ಮತ್ತು ಗರ್ಟ್ರೂಡ್ ಜೀಕಲ್ (1843–1932). ಇವರಿಬ್ಬರೂ ಪಾಠ ಕಲಿತದ್ದು ಅರಮನೆಗಳಿಂದಲ್ಲ, ಬಡವರ ಗುಡಿಸಲ ಮುಂದಿನ ಕೈತೋಟಗಳಿಂದ. ಆರೈಕೆ ಕಡಿಮೆ ಬೇಡುವ, ವರ್ಷ ವರ್ಷವೂ ಚಿಗುರುವ ಗಿಡಗಳು ಅಲ್ಲಿ ತರಕಾರಿಯ ಜೊತೆಗೇ ಬೆಳೆಯುತ್ತಿದ್ದವು.

1930ರಲ್ಲಿ ವೀಟಾ ಸ್ಯಾಕ್‌ವಿಲ್-ವೆಸ್ಟ್ ದಂಪತಿ ಕೊಂಡ ಸಿಸಿಂಗ್‌ಹರ್ಸ್ಟ್‌ನಲ್ಲಿಯೂ ಒಂದು ಭಾಗಕ್ಕೆ 'ಕಾಟೇಜ್ ಗಾರ್ಡನ್' ಎಂದೇ ಹೆಸರು. ಒಮ್ಮೆ ನೋಟಕ್ಕೆ ಅಡ್ಡವೆನಿಸಿದ್ದ ಬಡವರ ಅಂಗಳವೇ ಹೀಗೆ ದೊಡ್ಡಮನೆಯವರಿಗೆ ಮಾದರಿಯಾಯಿತು. ಬಚ್ಚಿಡಲು ಕಟ್ಟಿದ ಮಿಲ್ಟನ್ ಅಬ್ಬಾಸ್‌ನ ಮನೆಗಳನ್ನು ನೋಡಲು ಈಗ ಪ್ರವಾಸಿಗರು ಬರುತ್ತಾರೆ.