ಮೆನು ಮೊಬೈಲಿಗೆ ಹೋಯ್ತು, ಕನ್ನಡ ಎಲ್ಲಿ ಹೋಯ್ತು?



ಗಡಿನಾಡಿನ ನಾವು ಸೇರಿದಾಗೆಲ್ಲ ಮಾತಾಡೋದು ಕನ್ನಡ ಶಾಲೆ, ಶಿಕ್ಷಕರ ನೇಮಕ, ಕಚೇರಿಯ ಅರ್ಜಿ, ಬಸ್ಸಿನ ಬೋರ್ಡು. ಅವೆಲ್ಲ ದೊಡ್ಡ ವಿಷಯಗಳೇ. ಇವತ್ತು ನಾನು ಒಂದು ಸಣ್ಣ ವಿಷಯ ಎತ್ತಿಕೊಂಡಿದ್ದೇನೆ: ಹೋಟೆಲಿನ ತಿಂಡಿ ಪಟ್ಟಿ. ನಗಬೇಡಿ, ಸ್ವಲ್ಪ ಕೇಳಿ.

2020ರಲ್ಲಿ ಕೊರೊನಾ ಬಂದಾಗ ಹತ್ತು ಜನ ಮುಟ್ಟಿದ ಮೆನು ಕಾರ್ಡು ಹಿಡಿಯೋಕೆ ಎಲ್ಲರಿಗೂ ಭಯ. ಮೇಜಿನ ಮೇಲೆ ಕ್ಯೂಆರ್ ಕೋಡ್ ಸ್ಟಿಕ್ಕರ್ ಬಂತು. ಆಮೇಲೆ ಭಯ ಹೋಯ್ತು, ಸ್ಟಿಕ್ಕರ್ ಉಳೀತು. ಜಪಾನಿನ ಡೆನ್ಸೊ ಕಂಪನಿಯಲ್ಲಿ ಮಸಾಹಿರೊ ಹಾರಾ ಮತ್ತು ಅವರ ತಂಡ 1994ರಲ್ಲಿ ಕಾರಿನ ಬಿಡಿಭಾಗಗಳ ಲೆಕ್ಕ ಇಡೋಕೆ ಮಾಡಿದ ಕೋಡು ಅದು. ಈಗ ನಮ್ಮ ದೋಸೆಯ ರೇಟು ಹೇಳುತ್ತಿದೆ.

ಮಾಲೀಕರನ್ನು ದೂರುವಂತಿಲ್ಲ. ರೇಟು ಬದಲಾದಾಗಲೆಲ್ಲ ಕಾರ್ಡು ಅಚ್ಚು ಹಾಕಿಸೋ ಖರ್ಚು ಅವರಿಗೆ ಉಳಿಯುತ್ತೆ. ಆದರೆ ಈ ಬದಲಾವಣೆಯಲ್ಲಿ ಒಂದು ವಸ್ತು ಸದ್ದಿಲ್ಲದೆ ಬಿದ್ದುಹೋಗುತ್ತಿದೆ. ಗಡಿ ಊರುಗಳ ಎಷ್ಟೋ ಹೋಟೆಲುಗಳ ಗೋಡೆ ಮೇಲೆ ಮಲಯಾಳದ ಪಕ್ಕ, ಮರಾಠಿಯ ಪಕ್ಕ, ತಮಿಳಿನ ಪಕ್ಕ ಒಂದು ಸಾಲು ಕನ್ನಡ ಇರುತ್ತಿತ್ತು. ಅದನ್ನು ಯಾವ ಕಾನೂನೂ ಬರೆಸಿದ್ದಲ್ಲ. ಗಿರಾಕಿ ಓದಲಿ ಅಂತ ಮಾಲೀಕನೇ ಬರೆಸಿದ್ದು. ಮೊಬೈಲ್ ಮೆನು ಬರೋದು ರೆಡಿಮೇಡ್ ಇಂಗ್ಲಿಷ್ ಪುಟವಾಗಿ. ಅಲ್ಲಿ ಕನ್ನಡವನ್ನು ಯಾರೂ ಅಳಿಸಲಿಲ್ಲ. ಯಾರೂ ಹಾಕಲಿಲ್ಲ, ಅಷ್ಟೇ. ಸರ್ಕಾರದ ಆದೇಶವಾದರೆ ವಿರೋಧಿಸಬಹುದು. ಇದಕ್ಕೆ ಧರಣಿ ಕೂರೋದು ಯಾರ ಮುಂದೆ?

ಪೆಟ್ಟು ಬೀಳೋದು ನಮಗಲ್ಲ, ನಮ್ಮ ಹಿರಿಯರಿಗೆ. ಕನ್ನಡ ಮಾತ್ರ ಓದಬಲ್ಲ ಅಜ್ಜನ ಕೈಯಲ್ಲಿರೋದು ಬಟನ್ ಫೋನು. ಸಪ್ಲೈಯರ್ ದೂರದ ರಾಜ್ಯದ ಹುಡುಗ, ಅವನಿಗೆ ನಮ್ಮ ಮಾತು ಬಾರದು. ಏನೇನಿದೆ ಅಂತ ಕೇಳೋಕೆ ಸಂಕೋಚಪಟ್ಟು, "ಒಂದು ಚಾ ಸಾಕು" ಅಂತ ಕುಡಿದು ಎದ್ದು ಹೋಗುವ ಹಿರಿಯರು ಎಲ್ಲ ಊರಲ್ಲೂ ಇದ್ದಾರೆ. ಸ್ವಂತ ಊರಲ್ಲೇ ಪರದೇಶಿ ಆಗೋದು ಅಂದರೆ ಇದೇ.

ಸರಿ, ಕನ್ನಡ ಹಾಕಿಸಿದರೆ ಮುಗೀತಾ? ಇಲ್ಲ. ನುಡಿ, ಬರಹದ ಹಳೆಯ ಫಾಂಟಿನಲ್ಲಿ ಟೈಪ್ ಮಾಡಿದ್ದನ್ನು ಹಾಗೇ ಪುಟಕ್ಕೆ ಅಂಟಿಸಿದರೆ, ಆ ಫಾಂಟು ಇಲ್ಲದ ಫೋನಿನಲ್ಲಿ ಕಾಣೋದು ಇಂಗ್ಲಿಷ್ ಅಕ್ಷರ, ಚಿಹ್ನೆಗಳ ರಾಶಿ. ಒತ್ತಕ್ಷರ ಕೂಡಿಸಲು ಬಾರದ ಡಿಸೈನ್ ಸಾಫ್ಟ್‌ವೇರಿನಲ್ಲಿ ಅಕ್ಕಿ ರೊಟ್ಟಿ "ಅಕ್‌ಕಿ ರೊಟ್‌ಟಿ" ಆಗುತ್ತೆ. ಕನ್ನಡವನ್ನೇ ಇಂಗ್ಲಿಷ್ ಅಕ್ಷರದಲ್ಲಿ ಬರೆದರೆ ಹಾಲೂ ಹಾಳೂ ಒಂದೇ. ಯಂತ್ರದ ಅನುವಾದಕ್ಕೆ ಬಿಟ್ಟರೆ, ಬನ್ಸ್ ಅಂದರೆ ಮಂಗಳೂರು ಕಡೆಯ ಬಾಳೆಹಣ್ಣಿನ ಬನ್ಸೋ ಬೇಕರಿಯ ಬನ್ನೋ, ಅದಕ್ಕೆ ಗೊತ್ತಾಗಬೇಕಲ್ಲ!

ಇನ್ನು ಕೋಡಿನದೇ ತಾಪತ್ರಯ. ಸರಿಯಾಗಿ ಮಾಡಿದ ಕ್ಯೂಆರ್ ಕೋಡು ಶೇಕಡಾ 30ರವರೆಗೆ ಹಾಳಾದರೂ ಓದಬಲ್ಲದು. ಸಾಂಬಾರು ಚೆಲ್ಲಿದರೂ ನಡೆಯುತ್ತೆ. ಆದರೆ ಕೆಲವು ಕೋಡುಗಳು ನೇರ ಮೆನು ಪುಟಕ್ಕೆ ಹೋಗಲ್ಲ, ಅದನ್ನು ಮಾಡಿಕೊಟ್ಟ ಕಂಪನಿಯ ವಿಳಾಸ ಹಾದು ಹೋಗುತ್ತವೆ. ಅಂಥ ಕೋಡಿನ ಚಂದಾ ಮುಗಿದರೆ ಮೆನುವೇ ತೆರೆಯಲ್ಲ. ಕರೆಂಟು, ಸಿಗ್ನಲ್ಲು ಹೋದರೂ ಅದೇ ಕಥೆ.

ಈಗ ನನ್ನ ಮಾತಿನ ಮುಖ್ಯ ಅಂಶ. ಇದು ಯಾವ ಸರ್ಕಾರಕ್ಕೂ ಕಾಯದೆ, ನಾವೇ ಸರಿಮಾಡಬಹುದಾದ ಕೆಲಸ. ಅಚ್ಚಿನ ಕಾರ್ಡಿನಲ್ಲಿ ಇನ್ನೊಂದು ಭಾಷೆಗೆ ಜಾಗ ಬೇಕು, ದುಡ್ಡು ಬೇಕು. ಮೊಬೈಲ್ ಪುಟದಲ್ಲಿ ಒಂದು ಸಾಲು ಕನ್ನಡಕ್ಕೆ ಅಚ್ಚಿನ ಖರ್ಚಿಲ್ಲ. ಯೂನಿಕೋಡಿನಲ್ಲಿ ಕನ್ನಡ 1991ರಿಂದಲೇ ಇದೆ. ಇಲ್ಲದಿರೋದು ಟೈಪ್ ಮಾಡುವ ಕೈ. ಆ ಕೈ ನಿಮ್ಮದು.

ನೀವು ದಿನಾ ಚಾ ಕುಡಿಯುವ ಹೋಟೆಲಿಗೆ ಹೋಗಿ. ಗಲ್ಲಾದಲ್ಲಿ ಕೂತವರ ಹತ್ತಿರ ಜಗಳ ಬೇಡ. "ಅಣ್ಣಾ, ಪಟ್ಟಿ ಕೊಡಿ, ಕನ್ನಡದಲ್ಲಿ ನಾನೇ ಬರೆದುಕೊಡ್ತೇನೆ" ಅನ್ನಿ. ಮಲಯಾಳವನ್ನೋ ಮರಾಠಿಯನ್ನೋ ತೆಗೆಯೋದು ಬೇಡ, ಪಕ್ಕಕ್ಕೆ ನಮ್ಮದೂ ಇರಲಿ. ಯೂನಿಕೋಡಿನಲ್ಲೇ ಟೈಪ್ ಮಾಡಿ. ತಿಂಡಿಯ ಹೆಸರು ನಿಮ್ಮ ಊರಲ್ಲಿ ಕರೆಯೋ ಹಾಗೇ ಇರಲಿ. ಎರಡು ಮೂರು ಹಳೆಯ ಫೋನಿನಲ್ಲಿ ತೆರೆದು ನೋಡಿ. ನೇರ ವಿಳಾಸದ ಕೋಡು ಹಾಕಿಸಿ. ಕೊನೆಗೆ ಅದೇ ಪಟ್ಟಿಯ ಒಂದು ಪ್ರಿಂಟ್ ತೆಗೆದು, ದಪ್ಪ ಅಕ್ಷರದಲ್ಲಿ, ಗಲ್ಲಾದ ಹತ್ತಿರ ತೂಗುಹಾಕಿಸಿ. ಫೋನಿಲ್ಲದವರಿಗೆ ಅದೇ ಆಧಾರ.

ಒಂದು ಸಂಜೆಯ ಕೆಲಸ ಇದು. ಅಜ್ಜ ಮುಂದಿನ ಸಲ ಬಂದಾಗ ಕನ್ನಡಕ ಹಾಕಿಕೊಂಡು, ತಾನೇ ಓದಿ, ತನಗೆ ಬೇಕಾದ್ದು ತರಿಸಿಕೊಂಡು ತಿನ್ನಲಿ. ಅಷ್ಟಾದರೆ ಸಾಕು.