ನಿಜವಾದ ವೀರ ಯಾರು?
(ಸಂಘದ ಬೆಳ್ಳಿಹಬ್ಬದ ಸಮಾರಂಭದಲ್ಲಿ ಮಾಡಿದ ಭಾಷಣ)



ನಮ್ಮ ನಾಡಿನಲ್ಲಿ ಕೆರೆ ಏರಿಯ ಮೇಲೆ, ಗುಡಿ ಮುಂದೆ ವೀರಗಲ್ಲು ಇಲ್ಲದ ಊರು ಕಡಿಮೆ. ಕೆಳಗೆ ಕಾಳಗ, ನಡುವೆ ವೀರನನ್ನು ಕರೆದೊಯ್ಯುವ ಅಪ್ಸರೆಯರು, ಮೇಲೆ ಶಿವಲಿಂಗ, ಸೂರ್ಯ ಚಂದ್ರರು. ಆ ಕಲ್ಲಿನಲ್ಲಿರುವವರೆಲ್ಲ ಅರಸರಲ್ಲ. ಊರ ದನಗಳನ್ನು ಕಳ್ಳರು ಹೊಡೆದುಕೊಂಡು ಹೋದಾಗ ಅಡ್ಡ ನಿಂತು ಪ್ರಾಣ ಕೊಟ್ಟ ಸಾಮಾನ್ಯರೇ ಬಹಳ ಮಂದಿ. ಮದ್ದೂರು ತಾಲೂಕಿನ ಆತಕೂರಿನಲ್ಲಿ ಸುಮಾರು 950ನೇ ಇಸವಿಯ ಕಲ್ಲೊಂದಿತ್ತು. ಹಂದಿಯೊಡನೆ ಹೋರಾಡಿ ಸತ್ತ ಕಾಳಿ ಎಂಬ ನಾಯಿಯ ನೆನಪಿಗೆ ಹಾಕಿಸಿದ್ದು! ನಮ್ಮ ಹಿರಿಯರು ವೀರತನವನ್ನು ಹುಟ್ಟು ನೋಡಿ ಅಳೆಯಲಿಲ್ಲ, ಮಾಡಿದ ಕೆಲಸ ನೋಡಿ ಅಳೆದರು.

ಈಗ ದನ ಹೊಡೆದುಕೊಂಡು ಹೋಗುವ ದಂಡು ಬರುವುದಿಲ್ಲ. ಹಾಗಾದರೆ ವೀರರಿಗೆ ಕೆಲಸವೇ ಇಲ್ಲವೇ? ಇದೆ.

ಗದಗ ಹತ್ತಿರದ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ರೈತರನ್ನು ಸೇರಿಸಿ ಪತ್ತಿನ ಸಹಕಾರ ಸಂಘ ಕಟ್ಟಿದರು. ದೇಶದ ಮೊದಮೊದಲ ಸಂಘಗಳಲ್ಲಿ ಅದೂ ಒಂದು. 1904ರ ಕಾಯ್ದೆಯಂತೆ ಹಳ್ಳಿಯ ಸಂಘಗಳಿಗೆ ಅಪರಿಮಿತ ಹೊಣೆ ಇತ್ತು. ಅಂದರೆ ಸಂಘ ಮುಳುಗಿದರೆ ಅದರ ಸಾಲಕ್ಕೆ ಪ್ರತಿಯೊಬ್ಬ ಸದಸ್ಯನೂ ತನ್ನ ಆಸ್ತಿಯಿಂದಲೇ ಜವಾಬ್ದಾರ. ಪಕ್ಕದ ಮನೆಯವನ ಮಾತು ನಂಬಿ ತನ್ನ ಹೊಲವನ್ನೇ ಒಡ್ಡುವುದು ಕತ್ತಿ ಹಿಡಿಯುವುದಕ್ಕಿಂತ ಕಡಿಮೆ ಧೈರ್ಯವೇನ್ರೀ?

ನಮ್ಮ ಸಂಘದಲ್ಲೂ ಒಂದು ದಿನ ಇಂಥ ಧೈರ್ಯ ಕಂಡೆವು. ಮಳೆ ಕೈಕೊಟ್ಟ ವರ್ಷ. ವಸೂಲಾತಿ ನಿಂತಿತ್ತು. ಸಂಘದ ದುಡ್ಡು ಮುಳುಗಿತಂತೆ ಎಂದು ಸಂತೆಯಲ್ಲಿ ಯಾರೋ ಆಡಿದ ಮಾತು ಸಂಜೆಯೊಳಗೆ ಊರೆಲ್ಲ ಹಬ್ಬಿತು. ಮರುದಿನ ಬಾಗಿಲು ತೆಗೆಯುವ ಮೊದಲೇ ಠೇವಣಿ ವಾಪಸು ಕೇಳುವವರ ಸಾಲು. ಮುಚ್ಚಿಡುವುದೇಕೆ, ಆ ಸಾಲಿನಲ್ಲಿ ನಾವೂ ಇದ್ದೆವು.

ಹಾಲು ಮಾರಿ ಬದುಕುವ ಅಜ್ಜಿಯೊಬ್ಬರು ಸಾಲಿನಲ್ಲಿ ಬಂದು ಸೆರಗಿನ ಗಂಟು ಬಿಚ್ಚಿದರು. ತೆಗೆಯೋಕಲ್ಲ, ಕಟ್ಟೋಕೆ! ಮುನ್ನೂರು ರೂಪಾಯಿ. “ಯಾಕಜ್ಜೀ, ಇಂಥ ಹೊತ್ತಲ್ಲಿ?” ಅಂದ್ರೆ, “ಸಂಘ ಅಂದ್ರೆ ಯಾರಪ್ಪಾ? ನಾವೇ ತಾನೆ? ಎಲ್ಲಾರೂ ಒಂದೇ ದಿನ ಕಿತ್ಕೊಂಡ್ರೆ ಉಳಿಯೋದು ಏನು?” ಅಂದರು.

ನಮಗೆ ತಲೆ ಎತ್ತಲಾಗಲಿಲ್ಲ. ಪಾಸ್‌ಬುಕ್ ಮಡಚಿ ಜೇಬಿಗಿಟ್ಟು ಮನೆಗೆ ಬಂದೆವು. ನಮ್ಮ ಹಿಂದೆ ಇನ್ನೂ ಕೆಲವರು ಬಂದರು. ಎಲ್ಲರೂ ಬರಲಿಲ್ಲ. ಆದರೂ ಸಂಘಕ್ಕೆ ಉಸಿರಾಡಲು ಅಷ್ಟು ಸಾಕಾಯಿತು. ಮುಂದಿನ ವರ್ಷ ಬೆಳೆ ಬಂತು, ಬಾಕಿಯೂ ಬಂತು.

ಆ ಅಜ್ಜಿ ಹೆದರಲಿಲ್ಲ ಎಂದು ನಾವು ಹೇಳುವುದಿಲ್ಲ. ಗಂಟು ಬಿಚ್ಚುವಾಗ ಕೈ ನಡುಗುತ್ತಿದ್ದದ್ದನ್ನು ಕಂಡಿದ್ದೇವೆ. ಹೆದರಿಕೆ ಇದ್ದೂ ನಾಲ್ಕು ಜನರಿಗಾಗಿ ಅಡ್ಡ ನಿಲ್ಲುವವರೇ ವೀರರು. ತಮ್ಮನ ಅರ್ಜಿಯನ್ನೂ ಸರದಿಯಲ್ಲೇ ಇಡುವ ನಿರ್ದೇಶಕ, ಸಾಲ ಮನ್ನಾ ಆದೀತೆಂದು ಕಾಯದೆ ಬೆಳೆ ಬಂದ ಕೂಡಲೇ ಕಂತು ಕಟ್ಟುವ ರೈತ, ಸರ್ವಸದಸ್ಯರ ಸಭೆಯಲ್ಲಿ ಎದ್ದು ನಿಂತು ಲೆಕ್ಕ ಕೇಳುವ ಸದಸ್ಯ, ಇವರೂ ಅದೇ ಸಾಲಿನವರು.

ಇವರಿಗೆ ಯಾರೂ ಕಲ್ಲು ನಿಲ್ಲಿಸುವುದಿಲ್ಲ. ಇಪ್ಪತ್ತೈದು ವರ್ಷ ಬಾಗಿಲು ಮುಚ್ಚದ ಈ ಸಂಘವೇ ಇವರ ವೀರಗಲ್ಲು. ಇದನ್ನು ಕಾಯುವ ಸರದಿ ಈಗ ನಮ್ಮೆಲ್ಲರದು.