ಕೇಳಿಸಿಕೊಳ್ಳುವ ವಿದ್ಯೆ



ಕೌನ್ಸೆಲಿಂಗ್ ಎಂಬುದಕ್ಕೆ ಕನ್ನಡದಲ್ಲಿ ಎರಡು ಮಾತುಗಳು ಬಳಕೆಯಲ್ಲಿವೆ. ಕೆಲವರು ಆಪ್ತಸಲಹೆ ಎನ್ನುತ್ತಾರೆ, ಕೆಲವರು ಆಪ್ತಸಮಾಲೋಚನೆ ಎನ್ನುತ್ತಾರೆ. ಆಸ್ಪತ್ರೆಯ ಬೋರ್ಡುಗಳಲ್ಲಿ ಎರಡೂ ಕಾಣಸಿಗುತ್ತವೆ. ಒಂದರ ಬದಲು ಇನ್ನೊಂದನ್ನು ಬರೆದರೆ ಆಕ್ಷೇಪಿಸುವವರಿಲ್ಲ. ಆದರೆ ಈ ವಿಷಯವನ್ನು ವಿಶ್ವವಿದ್ಯಾಲಯದಲ್ಲಿ ಓದಲು ಸೇರಿದವರಿಗೆ ಮೊದಲ ವರ್ಷವೆಲ್ಲ ಹಿಡಿಯುವುದು ಈ ಎರಡು ಮಾತುಗಳ ನಡುವಿನ ಅಂತರವನ್ನು ದಾಟುವುದಕ್ಕೇ. ಸಲಹೆಯನ್ನು ಒಬ್ಬರು ಕೊಡುತ್ತಾರೆ, ಇನ್ನೊಬ್ಬರು ತೆಗೆದುಕೊಳ್ಳುತ್ತಾರೆ. ಸಮಾಲೋಚನೆಯಲ್ಲಿ ಇಬ್ಬರೂ ಕೂತು ಯೋಚಿಸಬೇಕು.

ಸಲಹೆಗೆ ನಮ್ಮ ಸಮಾಜದಲ್ಲಿ ಎಂದೂ ಬರವಿಲ್ಲ. ಪಿಯುಸಿಯಲ್ಲಿ ನಪಾಸಾದ ಹುಡುಗನಿಗೆ ಫಲಿತಾಂಶ ಬಂದ ಸಂಜೆಯೊಳಗೆ ಸೋದರಮಾವ, ಪಕ್ಕದ ಮನೆಯವರು, ಟ್ಯೂಷನ್ ಮೇಷ್ಟ್ರು, ಕಿರಾಣಿ ಅಂಗಡಿಯವರು ಎಲ್ಲರೂ ಸಲಹೆ ಕೊಟ್ಟು ಮುಗಿಸಿರುತ್ತಾರೆ. ಅವನ ಮಾತನ್ನು ಕೊನೆಯತನಕ ಕೇಳಿಸಿಕೊಂಡವರು ಮಾತ್ರ ಅವರಲ್ಲಿ ಒಬ್ಬರೂ ಇರುವುದಿಲ್ಲ.

ಈ ವಿದ್ಯೆ ಹುಟ್ಟಿದ್ದು ಮನೋರೋಗಿಗಳ ನಡುವೆ ಎಂಬ ಭಾವನೆ ಸಾಮಾನ್ಯವಾಗಿದೆ. ಅದರ ಒಂದು ಮೂಲ ಇರುವುದು ಕೆಲಸ ಹುಡುಕುವ ಹುಡುಗರ ನಡುವೆ. 1908ರಲ್ಲಿ ಅಮೆರಿಕದ ಬಾಸ್ಟನ್ ನಗರದಲ್ಲಿ ಫ್ರಾಂಕ್ ಪಾರ್ಸನ್ಸ್ ಎಂಬಾತ ವೃತ್ತಿ ಮಾರ್ಗದರ್ಶನದ ಕಚೇರಿಯೊಂದನ್ನು ತೆರೆದ. ಅದೇ ವರ್ಷ ಆತ ತೀರಿಕೊಂಡ. ಆತನ ಪುಸ್ತಕ ಹೊರಬಂದದ್ದು 1909ರಲ್ಲಿ. ಇನ್ನೊಂದು ಕವಲು ಬಡವರಿಗೆ ನೆರವಾಗುವ ಸಂಸ್ಥೆಗಳಿಂದ ಬಂತು. ನೆರವು ಕೇಳಿ ಬಂದವರ ಸ್ಥಿತಿಗತಿಯನ್ನು ವ್ಯವಸ್ಥಿತವಾಗಿ ಅರಿಯುವ ಕ್ರಮವನ್ನು ಮೇರಿ ರಿಚ್ಮಂಡ್ 1917ರಲ್ಲಿ ಪುಸ್ತಕವಾಗಿ ಬರೆದಳು. ಬಂದವರಿಗೆ ದಾರಿ ತೋರಿಸುವುದಕ್ಕಿಂತ ಅವರೇ ದಾರಿ ಕಂಡುಕೊಳ್ಳುವಂತಹ ವಾತಾವರಣ ಕಲ್ಪಿಸುವುದು ಮುಖ್ಯ ಎಂದು ಮನಶ್ಶಾಸ್ತ್ರಜ್ಞ ಕಾರ್ಲ್ ರೋಜರ್ಸ್ 1942ರಲ್ಲಿ ವಾದಿಸಿದ ಮೇಲೆ ವಿದ್ಯೆಯ ದಿಕ್ಕೇ ಬದಲಾಯಿತು.

ಭಾರತಕ್ಕೂ ಇದು ತಡವಾಗಿ ಬರಲಿಲ್ಲ. 1936ರಲ್ಲಿ ಮುಂಬಯಿಯಲ್ಲಿ ಸಮಾಜಕಾರ್ಯ ಕಲಿಸುವ ಟಾಟಾ ಶಾಲೆ ಆರಂಭವಾಯಿತು. 1946ರಲ್ಲಿ ಅಲ್ಲಿನ ಜೆ.ಜೆ. ಆಸ್ಪತ್ರೆಯಲ್ಲಿ ವೈದ್ಯಕೀಯ ಸಮಾಜಕಾರ್ಯಕರ್ತರ ನೇಮಕವಾಯಿತು. ಮೈಸೂರು ವಿಶ್ವವಿದ್ಯಾಲಯದ ಮನಶ್ಶಾಸ್ತ್ರ ವಿಭಾಗ ಇನ್ನೂ ಹಳೆಯದು. 1924ರಲ್ಲಿ ಆರಂಭವಾದ ಅದು ಕಲ್ಕತ್ತೆಯ ನಂತರ ದೇಶದಲ್ಲಿ ಎರಡನೆಯದು. ಅದನ್ನು ಕಟ್ಟಿದ ಎಂ.ವಿ. ಗೋಪಾಲಸ್ವಾಮಿಯವರೇ 1935ರಲ್ಲಿ ತಮ್ಮ ಮನೆಯಿಂದ ‘ಆಕಾಶವಾಣಿ’ ಎಂಬ ರೇಡಿಯೋ ಕೇಂದ್ರವನ್ನೂ ಶುರುಮಾಡಿದರು. ಮನಸ್ಸನ್ನು ಕುರಿತು ಪಾಠ ಹೇಳುವ ಮೇಷ್ಟ್ರಿಗೆ ಊರಿನವರ ಕಿವಿಯ ಮೇಲೂ ಕಣ್ಣಿತ್ತು ಎನ್ನಬೇಕು. ಬೆಂಗಳೂರಿನಲ್ಲಿ 1954ರಲ್ಲಿ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಸ್ಥಾಪನೆಯಾಗಿ, 1974ರಲ್ಲಿ ಪಕ್ಕದ ಮಾನಸಿಕ ಆಸ್ಪತ್ರೆಯೊಡನೆ ಸೇರಿ ನಿಮ್ಹಾನ್ಸ್ ಆಯಿತು. ಮಂಗಳೂರಿನ ರೋಶನಿ ನಿಲಯ ಸಮಾಜಕಾರ್ಯ ಕಾಲೇಜು 1960ರದು.

ತರಗತಿಯಲ್ಲಿ ಓದುವುದು ಹೆಚ್ಚು ಕಷ್ಟವಲ್ಲ. ಷಿಕಾಗೊದಲ್ಲಿ ಪಾಠ ಹೇಳುತ್ತಿದ್ದ ಪಾದ್ರಿ ಫೆಲಿಕ್ಸ್ ಬೀಸ್ಟೆಕ್ 1957ರಲ್ಲಿ ಬರೆದ ಏಳು ತತ್ವಗಳನ್ನು ಎಂ.ಎಸ್.ಡಬ್ಲ್ಯು. ವಿದ್ಯಾರ್ಥಿಗಳು ಇಂದಿಗೂ ಬಾಯಿಪಾಠ ಮಾಡುತ್ತಾರೆ. ಬಂದವರನ್ನು ಇದ್ದಂತೆಯೇ ಒಪ್ಪಿಕೊಳ್ಳಬೇಕು, ತೀರ್ಪು ಕೊಡಬಾರದು, ಕೇಳಿದ್ದನ್ನು ಹೊರಗೆ ಹೇಳಬಾರದು, ನಿರ್ಧಾರ ಅವರದೇ ಆಗಿರಬೇಕು, ಹೀಗೆ. ಪರೀಕ್ಷೆಯಲ್ಲಿ ಇವನ್ನು ಬರೆದರೆ ಅಂಕ ಸಿಗುತ್ತದೆ. ನಿಜವಾದ ಪರೀಕ್ಷೆ ಇರುವುದು ಕ್ಷೇತ್ರಕಾರ್ಯದಲ್ಲಿ. ವಾರಕ್ಕೆ ಸಾಮಾನ್ಯವಾಗಿ ಎರಡು ದಿನ ವಿದ್ಯಾರ್ಥಿಗಳು ಆಸ್ಪತ್ರೆಗೋ ಶಾಲೆಗೋ ಕೊಳೆಗೇರಿಗೋ ಬಾಲಮಂದಿರಕ್ಕೋ ಹೋಗುತ್ತಾರೆ. ನಡೆದ ಮಾತುಕತೆಯನ್ನು ನೆನಪಿನಿಂದ ಬರೆದು ತರುತ್ತಾರೆ. ಆ ವರದಿಯನ್ನು ಮುಂದಿಟ್ಟುಕೊಂಡು ಮೇಲ್ವಿಚಾರಕ ಅಧ್ಯಾಪಕರು ಅವರೊಡನೆ ಕೂರುತ್ತಾರೆ. ಇಡೀ ಶಿಕ್ಷಣದ ಜೀವ ಇರುವುದು ಇಲ್ಲಿ.

ಒಂದು ಉದಾಹರಣೆ ನೋಡೋಣ. ಹಾಸ್ಟೆಲ್ಲಿನ ಹುಡುಗಿಯೊಬ್ಬಳು, “ನನ್ನಿಂದ ಆಗಲ್ಲ ಅಕ್ಕಾ, ಎಲ್ಲಾ ಮುಗೀತು ಅನ್ನಿಸುತ್ತೆ” ಎಂದಳೆಂದು ಇಟ್ಟುಕೊಳ್ಳಿ. ಹೊಸ ವಿದ್ಯಾರ್ಥಿನಿ ಥಟ್ಟನೆ, “ಹಾಗೆಲ್ಲಾ ಮಾತಾಡಬಾರದು, ಧೈರ್ಯವಾಗಿರು, ಎಲ್ಲಾ ಸರಿಹೋಗುತ್ತೆ” ಎನ್ನುತ್ತಾಳೆ. ಕೇಳಲು ಇದು ಒಳ್ಳೆಯ ಮಾತೇ. ಆದರೆ ಒಳ್ಳೆಯ ಮೇಲ್ವಿಚಾರಕರು ವರದಿಯಲ್ಲಿ ಆ ಸಾಲಿನ ಕೆಳಗೆ ಗೆರೆ ಎಳೆಯುತ್ತಾರೆ. ಸಮಾಧಾನ ಬೇಕಾಗಿದ್ದದ್ದು ಆ ಹುಡುಗಿಗೋ, ಕೇಳಲಾಗದೆ ಗಾಬರಿಗೊಂಡ ನಿನಗೋ ಎಂದು ಕೇಳುತ್ತಾರೆ. “ಮುಗೀತು ಅಂದರೆ ಏನು? ಸಾಯಬೇಕು ಅನ್ನಿಸುತ್ತಿದೆಯಾ?” ಎಂದು ನೇರವಾಗಿ, ಮೆಲ್ಲಗೆ ಕೇಳಬೇಕಿತ್ತು. ಹಾಗೆ ಕೇಳಿದರೆ ಇಲ್ಲದ ಯೋಚನೆಯನ್ನು ತಲೆಗೆ ತುಂಬಿದಂತಾಗುತ್ತದೆ ಎಂಬ ಹೆದರಿಕೆ ಜನರಲ್ಲಿ ವ್ಯಾಪಕವಾಗಿದೆ. ಅದು ತಪ್ಪು ಕಲ್ಪನೆ. ನೇರ ಪ್ರಶ್ನೆ ಎಷ್ಟೋ ಸಲ ಬಾಯಿ ಬಿಡಿಸುತ್ತದೆ, ಭಾರ ಇಳಿಸುತ್ತದೆ. ಹೌದು ಎಂಬ ಉತ್ತರ ಬಂದರೆ ಗುಟ್ಟು ಕಾಪಾಡುವ ತತ್ವಕ್ಕೂ ಮಿತಿಯಿದೆ: ಆಕೆಯನ್ನು ಒಂಟಿಯಾಗಿ ಬಿಡದೆ, ವೈದ್ಯರ ತನಕ ಜೊತೆಯಲ್ಲಿ ಕರೆದೊಯ್ಯಬೇಕು.

ಸಮಾಲೋಚನೆಯನ್ನೂ ಸಮಾಜಕಾರ್ಯವನ್ನೂ ಒಟ್ಟಿಗೆ ಏಕೆ ಕಲಿಸಬೇಕು? ಸಾಲದಿಂದ ಗಂಡನನ್ನು ಕಳೆದುಕೊಂಡ ರೈತ ಮಹಿಳೆಯನ್ನು ಊಹಿಸಿಕೊಳ್ಳಿ. ಆಕೆಯ ದುಃಖವನ್ನು ಗಂಟೆಗಟ್ಟಲೆ ಕೇಳಿಸಿಕೊಂಡರೂ ಜಮೀನಿನ ಪೌತಿ ಖಾತೆ ಆಗಿಲ್ಲದಿದ್ದರೆ, ವಿಧವಾ ವೇತನದ ಅರ್ಜಿ ನಾಡಕಚೇರಿಯಲ್ಲಿ ಕೂತಿದ್ದರೆ, ಬ್ಯಾಂಕಿನ ನೋಟಿಸು ಮನೆಯಲ್ಲಿದ್ದರೆ, ಆಕೆಗೆ ರಾತ್ರಿ ನಿದ್ದೆ ಹೇಗೆ ಬಂದೀತು? ಅರ್ಜಿ ಬರೆದುಕೊಟ್ಟು ಕಣ್ಣೀರಿಗೆ ಬೆನ್ನು ತಿರುಗಿಸಿದರೂ ಕೆಲಸ ಅರ್ಧವೇ. ಮನಸ್ಸಿಗೂ ಕಚೇರಿಗೂ ನಡುವೆ ಓಡಾಡಬಲ್ಲವರನ್ನು ತಯಾರು ಮಾಡುವುದು ಈ ಶಿಕ್ಷಣದ ಉದ್ದೇಶ.

ಕ್ಷೇತ್ರಕಾರ್ಯವೆಂದರೆ ಹಾಜರಿಗಾಗಿ ಮಾಡುವ ಓಡಾಟವಲ್ಲ ಎಂಬುದಕ್ಕೆ ಮುಂಬಯಿಯ ಟಾಟಾ ಸಂಸ್ಥೆಯಲ್ಲೇ ಪುರಾವೆಯಿದೆ. ದೌರ್ಜನ್ಯಕ್ಕೊಳಗಾದ ಹೆಂಗಸರು ಪೊಲೀಸರ ಬಳಿಗೆ ಬಂದಾಗ ಅಲ್ಲಿಯೇ ಸಮಾಜಕಾರ್ಯಕರ್ತರು ಸಿಗಬೇಕೆಂದು 1984ರಲ್ಲಿ ಅದು ಮುಂಬಯಿ ಪೊಲೀಸರೊಡನೆ ವಿಶೇಷ ಘಟಕ ಆರಂಭಿಸಿತು. 1996ರಲ್ಲಿ ಬೀದಿಮಕ್ಕಳಿಗಾಗಿ ಆರಂಭಿಸಿದ ಕ್ಷೇತ್ರ ಯೋಜನೆ 1098 ಸಂಖ್ಯೆಯ ಚೈಲ್ಡ್‌ಲೈನ್ ಆಗಿ ದೇಶಕ್ಕೆಲ್ಲ ಹರಡಿತು.

ಇನ್ನು ಕಾನೂನಿನ ಮಾತು. ಕ್ಲಿನಿಕಲ್ ಸೈಕಾಲಜಿಸ್ಟರು 1992ರ ಕಾಯ್ದೆಯನ್ವಯ ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ ನೋಂದಾಯಿಸಿಕೊಳ್ಳಬೇಕು. ಆದರೆ ಆಪ್ತಸಮಾಲೋಚಕ ಎಂಬ ಹೆಸರಿಗೆ ಅಂಥ ಬೇಲಿ ಬಹುಕಾಲ ಇರಲೇ ಇಲ್ಲ. ಎರಡು ದಿನದ ಶಿಬಿರ ಮುಗಿಸಿದವರೂ ಎರಡು ವರ್ಷ ಓದಿದವರೂ ಒಂದೇ ಬೋರ್ಡು ಹಾಕಬಹುದಿತ್ತು. ಸಮಾಲೋಚಕರನ್ನೂ ಮನೋವೈದ್ಯಕೀಯ ಸಮಾಜಕಾರ್ಯಕರ್ತರನ್ನೂ ಒಂದು ಪಟ್ಟಿಗೆ ತಂದದ್ದು 2021ರ ಸಹಾಯಕ ಮತ್ತು ಆರೋಗ್ಯ ಸೇವಾ ವೃತ್ತಿಗಳ ರಾಷ್ಟ್ರೀಯ ಆಯೋಗದ ಕಾಯ್ದೆ.

ಇತ್ತ ಬೇಡಿಕೆಯೂ ಏರುತ್ತಿದೆ. 2017ರ ಎಚ್ಐವಿ ಕಾಯ್ದೆಯಂತೆ ರಕ್ತಪರೀಕ್ಷೆಗೆ ಮುನ್ನ ಮತ್ತು ನಂತರ ಸಮಾಲೋಚನೆ ಆಗಲೇಬೇಕು. 2022ರ ಅಕ್ಟೋಬರ್ 10ರಂದು ಟೆಲಿ ಮಾನಸ್ ದೂರವಾಣಿ ಸೇವೆ 14416 ಸಂಖ್ಯೆಯಲ್ಲಿ ಆರಂಭವಾಯಿತು. ವಿಶಾಖಪಟ್ಟಣದಲ್ಲಿ ನೀಟ್ ತರಬೇತಿ ಪಡೆಯುತ್ತಿದ್ದ ವಿದ್ಯಾರ್ಥಿನಿಯೊಬ್ಬಳ ಸಾವಿನ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2025ರ ಜುಲೈ 25ರಂದು ತೀರ್ಪಿತ್ತು, ನೂರು ಅಥವಾ ಹೆಚ್ಚು ವಿದ್ಯಾರ್ಥಿಗಳಿರುವ ಪ್ರತಿ ಶಿಕ್ಷಣ ಸಂಸ್ಥೆಯೂ ಅರ್ಹ ಸಮಾಲೋಚಕ, ಮನಶ್ಶಾಸ್ತ್ರಜ್ಞ ಅಥವಾ ಸಮಾಜಕಾರ್ಯಕರ್ತರಲ್ಲಿ ಒಬ್ಬರನ್ನಾದರೂ ನೇಮಿಸಬೇಕು ಎಂದಿತು. ರಾಜ್ಯದ ಪಿಯು ಕಾಲೇಜುಗಳನ್ನಷ್ಟೇ ಲೆಕ್ಕ ಹಾಕಿದರೂ ಎಷ್ಟು ಜನ ಬೇಕಾದೀತು ಎಂದು ಊಹಿಸಬಹುದು.

ತರಗತಿಯ ಸೀಟುಗಳನ್ನು ಅರವತ್ತರಿಂದ ನೂರಿಪ್ಪತ್ತಕ್ಕೆ ಏರಿಸುವುದು ಒಂದು ಆದೇಶದ ಕೆಲಸ. ವರದಿ ಓದಿ ಗೆರೆ ಎಳೆಯುವ ಅಧ್ಯಾಪಕರು ಮಾತ್ರ ಹಾಗೆ ಸಿಗುವುದಿಲ್ಲ. ಒಬ್ಬೊಬ್ಬ ವಿದ್ಯಾರ್ಥಿಗೆ ವಾರಕ್ಕೆ ಅರ್ಧ ಗಂಟೆ ಎಂದರೂ ನಲವತ್ತು ಮಂದಿಯ ಹೊಣೆ ಹೊತ್ತ ಅಧ್ಯಾಪಕರಿಗೆ ಇಪ್ಪತ್ತು ಗಂಟೆ ಇದಕ್ಕೇ ಬೇಕು. ಪಾಠ, ಮೌಲ್ಯಮಾಪನ, ಪರೀಕ್ಷಾ ಕೆಲಸ ಬೇರೆ. ಆಗ ಮೊದಲು ಕತ್ತರಿ ಬೀಳುವುದು ಈ ಅರ್ಧ ಗಂಟೆಗೇ. ವರದಿಗೆ ಸಹಿ ಬೀಳುತ್ತದೆ, “ಧೈರ್ಯವಾಗಿರು” ಎಂಬ ಸಾಲಿನ ಕೆಳಗೆ ಗೆರೆ ಬೀಳುವುದಿಲ್ಲ. ಆ ವಿದ್ಯಾರ್ಥಿನಿ ಪದವಿ ಪಡೆದು, ಕಾಲೇಜೊಂದರ ಸಮಾಲೋಚನಾ ಕೊಠಡಿಯಲ್ಲಿ ಕೂತು ಅದೇ ಮಾತನ್ನು ಹೇಳುತ್ತಾಳೆ.